ನೀರಿಗಿಳಿಯದ ಹಡಗು

ಮನುಷ್ಯನ ಕೆಲಸಗಳಲ್ಲಿ ಹೊಟ್ಟೆಪಾಡಿಗಾಗಿ ಮಾಡತಕ್ಕವು ಕೆಲವು, ಪುಣ್ಯಕ್ಕಾಗಿ ಮಾಡತಕ್ಕವು ಕೆಲವು. ಈ ಎರಡಕ್ಕೂ ಸೇರದ ಮೂರನೆಯ ಬಗೆಯೊಂದುಂಟು. ಅದರಿಂದ ಕಾಸು ಹುಟ್ಟುವುದಿಲ್ಲ, ಪರಲೋಕವೂ ದೊರೆಯುವುದಿಲ್ಲ. ಆದರೂ ಅದನ್ನು ಕೈಕೊಂಡವನು ಊಟದ ಹೊತ್ತನ್ನು ಮರೆಯುತ್ತಾನೆ. ಹಳೆಯ ಕಾಲದ ಯುದ್ಧನೌಕೆಯೊಂದರ ದೊಡ್ಡ ಪ್ರತಿಕೃತಿಯನ್ನು ಮರದಲ್ಲಿ ಕಟ್ಟುವುದು ಇಂಥದೊಂದು ಕೆಲಸ. ಇದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಈಗ ಒಂದು ಪೆಟ್ಟಿಗೆಯಲ್ಲಿ ಸಿದ್ಧವಾಗಿ ದೊರೆಯುತ್ತದೆ: ಕತ್ತರಿಸಿದ ಹಲಗೆಗಳು, ತೆಳುವಾದ ಪಟ್ಟಿಗಳು, ನೂಲಿನ ಉಂಡೆಗಳು, ಹಿತ್ತಾಳೆಯ ಪುಟ್ಟ ತೋಪುಗಳು, ಮಡಿಸಿದ ನಕ್ಷೆಗಳು. ಕೊಂಡವನು ನಕ್ಷೆಯಂತೆ ಅವನ್ನು ಕೂಡಿಸುತ್ತ ಹೋಗಬೇಕು. ದಿನಕ್ಕೆ ಒಂದೆರಡು ಗಂಟೆಯಂತೆ ಕುಳಿತರೆ ಕೆಲಸವು ವರ್ಷಗಟ್ಟಲೆ ನಡೆಯುತ್ತದೆ. ಕೊನೆಗೆ ಅವನ ಮುಂದೆ ನಿಲ್ಲುವುದು ಎಂದಿಗೂ ನೀರಿಗಿಳಿಯದ ಒಂದು ಹಡಗು.

ಈ ಕೆಲಸದ ವಿಷಯದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಯಾರಿಗೂ ಬಳಕೆಗೆ ಬಾರದ ವಸ್ತುವಿಗಾಗಿ ಇಷ್ಟು ಶ್ರಮ ವ್ಯಯಿಸುವುದು ಸರಿಯೆ ಎಂಬುದು ಒಂದು. ಕೊಲ್ಲುವುದಕ್ಕಾಗಿಯೇ ಹುಟ್ಟಿದ ವಸ್ತುವಿನ ಪ್ರತಿರೂಪವನ್ನು ಇಷ್ಟು ಪ್ರೀತಿಯಿಂದ ಮಾಡುವುದು ಸರಿಯೆ ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುವರು. ಎರಡನೆಯದನ್ನು ಕೇಳುವವರು ವಿರಳ. ಆದರೆ ನಿಜವಾದ ಭಾರವಿರುವುದು ಎರಡನೆಯದರಲ್ಲಿಯೇ.

ಇಂಥ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಕಡಲತೀರದ ಊರೇ ಬೇಕೆಂಬುದಿಲ್ಲ. ಹರಪನಹಳ್ಳಿ ತಾಲೂಕಿನ ಚಿಗಟೇರಿಯಂಥ ಊರಿಗೆ ಸಮುದ್ರವೆಂಬುದು ಕೇಳಿದ ಮಾತು. ಆ ಸೀಮೆಯವರು ಕಂಡಿರುವ ದೊಡ್ಡ ನೀರೆಂದರೆ ತುಂಗಭದ್ರೆ. ಕಂಡಿರುವ ನಾವೆಯೆಂದರೆ ಬಿದಿರು ಹೆಣೆದು ಮಾಡಿದ ದುಂಡನೆಯ ಹರಿಗೋಲು. ಊರ ದೇವರಾದ ನಾರದಮುನಿಗೆ ಮೂರು ಲೋಕಗಳನ್ನು ಸುತ್ತುವುದಕ್ಕೆ ಹಡಗೂ ಬೇಕಿಲ್ಲ, ತೇರೂ ಬೇಕಿಲ್ಲ. ಹಾಗಿದ್ದರೂ ಪ್ರತಿಕೃತಿಯೆಂದರೇನು ಎಂಬುದನ್ನು ಈ ನಾಡಿನವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಇದೇ ವಿಜಯನಗರ ಜಿಲ್ಲೆಯಲ್ಲಿ, ಹಂಪೆಯ ವಿಠ್ಠಲನ ಗುಡಿಯ ಅಂಗಳದಲ್ಲಿ, ೧೬ನೆಯ ಶತಮಾನದ ಕಲ್ಲಿನ ತೇರು ನಿಂತಿದೆ. ಅದು ವಾಸ್ತವವಾಗಿ ಗರುಡನ ಗುಡಿ. ಆದರೆ ಅದನ್ನು ಕಟ್ಟಿದ ಶಿಲ್ಪಿಗಳು ಮರದ ತೇರಿನ ಗಾಲಿ, ಅಚ್ಚು, ಗಡ್ಡೆಗಳನ್ನೆಲ್ಲ ಕಲ್ಲಿನಲ್ಲಿ ಕಂಡರಿಸಿದರು. ಎಳೆಯುವುದಕ್ಕಲ್ಲದ ತೇರೊಂದು ಯಾವ ಪ್ರಯೋಜನಕ್ಕೆ ಎಂದು ಯಾರೂ ಅದನ್ನು ಹಳಿದಿಲ್ಲ. ೨೦೧೭ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಬೆನ್ನಿನ ಮೇಲೆ ಅದರ ಚಿತ್ರವಿದೆ. ನಡೆಯದ ತೇರು ನಡೆಯುವ ತೇರುಗಳೆಲ್ಲವನ್ನೂ ನೆನಪಿಗೆ ತರುತ್ತದೆ. ಅದೇ ಅದರ ಪ್ರಯೋಜನ.

ಇನ್ನು ಹಡಗಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಬಹುದು. ಮೊದಲು ಹಡಗಿಗೆ ಬೆನ್ನೆಲುಬಾದ ಉದ್ದನೆಯ ಅಡಿಮರ. ಅದಕ್ಕೆ ಅಡ್ಡಲಾಗಿ ಸಾಲಾಗಿ ಕೂರುವ ಪಕ್ಕೆಹಲಗೆಗಳು. ಇವು ಒಂದು ಕೂದಲೆಳೆಯಷ್ಟು ಓರೆಯಾಗಿ ಕುಳಿತರೂ ಮುಂದೆ ಹಡಗಿನ ಮೈಯೆಲ್ಲ ಸೊಟ್ಟಗಾಗುವುದು. ಅನಂತರ ಪಕ್ಕೆಗಳ ಅಂಚುಗಳನ್ನು ಅರದಿಂದ ತೀಡಿ, ಮೇಲೆ ಬರುವ ಪಟ್ಟಿಯು ಎಲ್ಲೆಡೆಯೂ ಒಪ್ಪವಾಗಿ ತಾಗುವಂತೆ ಮಾಡಬೇಕು. ಪಟ್ಟಿಗಳನ್ನು ನೀರಿನಲ್ಲಿ ನೆನೆಯಿಸಿ, ಕಾವು ಕೊಟ್ಟು ಬಗ್ಗಿಸಿ, ಒಂದೊಂದಾಗಿ ಅಂಟಿಸಬೇಕು. ಇಂಥ ಹೊದಿಕೆ ಸಾಮಾನ್ಯವಾಗಿ ಎರಡು ಪದರ: ಒಳಗಿನದು ಮೃದುವಾದ ಬಿಳಿಯ ಮರ, ಹೊರಗಿನದು ಅಕ್ರೋಟಿನಂಥ ಬಣ್ಣದ ಮರ. ಆಮೇಲೆ ಅಟ್ಟಗಳು, ತೋಪಿನ ಗಂಡಿಗಳು, ಕೂವೆಮರಗಳು. ಕಡೆಯದಾಗಿ ಹಗ್ಗಗಳ ಕೆಲಸ. ನಾವಿಕರು ಕೂವೆಮರವನ್ನೇರುತ್ತಿದ್ದ ನೂಲೇಣಿಗಳಲ್ಲಿಯೇ ಸಾವಿರಾರು ಗಂಟುಗಳು. ಪ್ರತಿಯೊಂದು ಗಂಟನ್ನೂ ಕೈಯಲ್ಲಿಯೇ ಹಾಕಬೇಕು. ಅವಸರದವನ ಗಂಟು ನೋಡಿದೊಡನೆ ತಿಳಿಯುತ್ತದೆ.

ನಕ್ಷೆ ಮತ್ತೊಬ್ಬರದು, ಮರವನ್ನು ಕತ್ತರಿಸಿದವರು ಮತ್ತೊಬ್ಬರು. ಹೀಗಿರಲು ಕೂಡಿಸಿದವನಿಗೆ ಕರ್ತೃವೆಂಬ ಹೆಸರು ಸಲ್ಲುವುದೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಗೆ ನಿಜವಾದ ಹಡಗುಗಳೇ ಉತ್ತರ ಹೇಳುತ್ತವೆ. ೧೮೧೭ರಲ್ಲಿ ಮುಂಬಯಿಯ ಹಡಗುಕಟ್ಟೆಯಿಂದ ‘ಟ್ರಿಂಕೋಮಲಿ’ ಎಂಬ ಬ್ರಿಟಿಷ್ ಯುದ್ಧನೌಕೆಯು ತೇಲಿಹೋಯಿತು. ಅದನ್ನು ತೇಗದ ಮರದಿಂದ ಕಟ್ಟಿಸಿದವನು ಪಾರಸಿ ಜನಾಂಗದ ಪ್ರಸಿದ್ಧ ನೌಕಾಶಿಲ್ಪಿ ಜಮ್‌ಷೇಟ್‌ಜಿ ಬೊಮನ್‌ಜಿ ವಾಡಿಯಾ. ನಕ್ಷೆಯು ಲಂಡನ್ನಿನದು. ಮೊದಲು ಕಳುಹಿಸಿದ ನಕ್ಷೆಯ ಪ್ರತಿಯು ‘ಜಾವಾ’ ಎಂಬ ಹಡಗಿನಲ್ಲಿ ಬರುತ್ತಿದ್ದು, ೧೮೧೨ರಲ್ಲಿ ಅಮೆರಿಕದವರು ಆ ಹಡಗನ್ನು ಗೆದ್ದುಕೊಂಡಾಗ ನಷ್ಟವಾಯಿತು. ಮತ್ತೊಂದು ಪ್ರತಿ ಬರುವವರೆಗೆ ಬಡಗಿಗಳು ಕಾಯಬೇಕಾಯಿತು. ಆದರೂ ಆ ಹಡಗು ವಾಡಿಯಾನದೆಂದೇ ಲೋಕವು ಹೇಳುತ್ತದೆ. ಇಂದಿಗೂ ಅದು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲಿದೆ. ನಮ್ಮ ತೇರಿನ ಬಡಗಿಯೂ ಶಾಸ್ತ್ರದ ಅಳತೆಯನ್ನು ತಾನು ಹುಟ್ಟಿಸಿದವನಲ್ಲ. ಅಳತೆಯು ಎಲ್ಲರಿಗೂ ಸೇರಿದ್ದು. ಅಳತೆಗೆ ತಪ್ಪದೆ ನಿಂತ ಕೈಮಾತ್ರ ಒಬ್ಬನದು.

ಪ್ರತಿಕೃತಿಯ ಕೆಲಸದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಒಂದು ಗುಣವುಂಟು. ಹೊದಿಕೆ ಬಿದ್ದಮೇಲೆ ಒಳಗಿನ ಪಕ್ಕೆಗಳು ಎಂದಿಗೂ ಕಾಣುವುದಿಲ್ಲ. ಅಲ್ಲಿ ಬಿರುಕೊಂದನ್ನು ಹಾಗೆಯೇ ಬಿಟ್ಟರೂ ಕೇಳುವವರಿಲ್ಲ. ನಿಜವಾದ ತೇರಿನಲ್ಲಿ ಹೀಗಲ್ಲ. ೨೦೧೭ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರನ ರಥೋತ್ಸವದ ವೇಳೆ ತೇರಿನ ಅಚ್ಚು ಮುರಿದು, ಅಷ್ಟೆತ್ತರದ ತೇರು ಜನರ ನಡುವೆ ಉರುಳಿತು, ಕೆಲವರಿಗೆ ಗಾಯಗಳಾದವು. ಗಡ್ಡೆಯ ಮೇಲಿನ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ, ಅಚ್ಚನ್ನು ನೋಡುವವರು ಯಾರು? ಆದರೆ ತೇರು ನಿಂತಿರುವುದು ಕೆತ್ತನೆಯ ಮೇಲಲ್ಲ, ಅಚ್ಚಿನ ಮೇಲೆ. ತೇರನ್ನು ಕಟ್ಟುವವನ ಪ್ರಾಮಾಣಿಕತೆಗೆ ಭಯವೂ ಒಂದು ಆಸರೆ: ತಾನು ತಪ್ಪಿದರೆ ಜನ ಸಾಯುವರೆಂಬ ಭಯ. ಮೇಜಿನ ಮೇಲಿನ ಹಡಗನ್ನು ಕಟ್ಟುವವನಿಗೆ ಆ ಭಯವಿಲ್ಲ. ಕಾಣದ ಪಕ್ಕೆಯನ್ನು ಅವನು ಸರಿಪಡಿಸಿದರೆ, ಅದಕ್ಕೆ ದಂಡದ ಹೆದರಿಕೆಯಾಗಲಿ ಕೂಲಿಯ ಆಸೆಯಾಗಲಿ ಹೊಗಳಿಕೆಯ ಬಯಕೆಯಾಗಲಿ ಕಾರಣವಲ್ಲ. ವಸ್ತುವು ಸರಿಯಾಗಿರಬೇಕೆಂಬ ಒಂದೇ ಕಾರಣದಿಂದ ಅವನು ಅದನ್ನು ಸರಿಪಡಿಸುತ್ತಾನೆ. ಲೋಕದಲ್ಲಿ ಇಂಥ ಶುದ್ಧವಾದ ಅಭ್ಯಾಸಕ್ಕೆ ಎಡೆಕೊಡುವ ಕೆಲಸಗಳು ಹೆಚ್ಚಿಲ್ಲ. ಆದುದರಿಂದ ಮೊದಲನೆಯ ಪ್ರಶ್ನೆಗೆ ಇದೇ ಉತ್ತರ: ಹಡಗು ನಿರುಪಯುಕ್ತವಾದರೂ ಅದನ್ನು ಕಟ್ಟಿದ ಕೈ ನಿರುಪಯುಕ್ತವಲ್ಲ.

ಆದರೆ ಈ ಉತ್ತರದಿಂದ ಬೀಗಬಾರದು. ಭಯವಿಲ್ಲದ ಕಡೆಯಲ್ಲಿ ಪರೀಕ್ಷೆಯೂ ಇಲ್ಲ. ಪ್ರತಿಕೃತಿ ಕಟ್ಟುವವರು ಬಹಳವಾಗಿ ಮೆಚ್ಚುವ ಹಡಗುಗಳಲ್ಲಿ ಸ್ವೀಡನ್ ದೇಶದ ‘ವಾಸಾ’ ಒಂದು. ದೊರೆ ಎರಡನೆಯ ಗುಸ್ತಾವ್ ಅಡಾಲ್ಫನು ಕಟ್ಟಿಸಿದ ಈ ಹಡಗಿನ ಮೇಲೆ ೬೪ ತೋಪುಗಳೂ ನೂರಾರು ಕೆತ್ತಿದ ಬೊಂಬೆಗಳೂ ಇದ್ದವು. ಅದರ ಮೇಲ್ಭಾಗ ಭಾರ, ಕೆಳಭಾಗ ಕಿರಿದು. ಯಾನಕ್ಕೆ ಮುಂಚೆ ಮೂವತ್ತು ಆಳುಗಳನ್ನು ಅಟ್ಟದ ಮೇಲೆ ಈ ಕಡೆಯಿಂದ ಆ ಕಡೆಗೆ ಓಡಿಸಿ ಪರೀಕ್ಷಿಸಿದಾಗ ಹಡಗು ಹೊಯ್ದಾಡಿದ ಬಗೆಯನ್ನು ಕಂಡು ಪರೀಕ್ಷೆಯನ್ನೇ ನಿಲ್ಲಿಸಿದರು, ಯಾನವನ್ನು ನಿಲ್ಲಿಸಲಿಲ್ಲ. ದೊರೆಯು ದೂರದ ರಣರಂಗದಲ್ಲಿದ್ದು ಅವಸರಪಡಿಸುತ್ತಿದ್ದನು. ಕಂಡವರು ಬಾಯಿ ಬಿಡಲಿಲ್ಲ. ೧೬೨೮ರ ಆಗಸ್ಟ್ ೧೦ರಂದು ಹೊರಟ ವಾಸಾ ಒಂದು ಮೈಲಿಯನ್ನೂ ಸಾಗದೆ, ಗಾಳಿಯ ಒಂದು ಬೀಸಿಗೆ ವಾಲಿ, ಸ್ಟಾಕ್‌ಹೋಮಿನ ಬಂದರಿನಲ್ಲಿಯೇ ಮುಳುಗಿತು. ಸುಮಾರು ಮೂವತ್ತು ಜನ ಸತ್ತರು. ವಿಚಾರಣೆಯಲ್ಲಿ ತಪ್ಪಿತಸ್ಥರೆಂದು ಯಾರಿಗೂ ಶಿಕ್ಷೆಯಾಗಲಿಲ್ಲ. ೧೯೬೧ರಲ್ಲಿ ಹಡಗನ್ನು ನೀರಿನಿಂದ ಎತ್ತಿದರು. ಈಗ ಅದು ವಸ್ತುಸಂಗ್ರಹಾಲಯದಲ್ಲಿದೆ.

ಇಂಥ ವಾಸಾ ಹಡಗಿನ ಪ್ರತಿಕೃತಿಯನ್ನು ಎಷ್ಟು ನಿಷ್ಠೆಯಿಂದ ಕಟ್ಟಿದರೆ ಅಷ್ಟರಮಟ್ಟಿಗೆ ಅದರ ದೋಷವೂ ಅದರಲ್ಲಿ ಬಂದು ಸೇರುವುದು. ಆದರೆ ಮೇಜಿನ ಮೇಲೆ ಅದು ವಾಲುವುದಿಲ್ಲ. ಪೀಠದ ಮೇಲೆ ನೆಟ್ಟಗೆ ನಿಂತು, ನೋಡಿದವರಿಂದ ಹೊಗಳಿಕೆ ಪಡೆಯುತ್ತದೆ. ನೀರಿಗಿಳಿಯದ ಹಡಗಿಗೆ ತಪ್ಪೆಂಬುದಿಲ್ಲ. ಕಟ್ಟುವವನು ನೆನಪಿನಲ್ಲಿಡತಕ್ಕ ಮಾತಿದು. ಪರೀಕ್ಷೆಯಿಲ್ಲದ ಸೌಂದರ್ಯವು ಸುಲಭವಾದ ಸೌಂದರ್ಯ. ಅದು ವಸ್ತುವಿನ ಅರ್ಧ ಸತ್ಯವನ್ನು ಮಾತ್ರವೇ ಹೇಳುತ್ತದೆ. ಇಲ್ಲಿಂದಲೇ ಎರಡನೆಯ ಪ್ರಶ್ನೆಯು ಹುಟ್ಟುತ್ತದೆ.

ಮಾದರಿ ಹಡಗುಗಳಲ್ಲಿ ಅತ್ಯಂತ ಹೆಸರಾದುದು ಬ್ರಿಟಿಷರ ‘ವಿಕ್ಟರಿ’. ೧೭೬೫ರಲ್ಲಿ ನೀರಿಗಿಳಿದ ಈ ಹಡಗಿಗೆ ಸುಮಾರು ಆರು ಸಾವಿರ ಮರಗಳು ಬಿದ್ದವು. ಅವುಗಳಲ್ಲಿ ಬಹುಪಾಲು ಓಕ್ ಮರಗಳು. ಅದರ ಮೇಲೆ ನೂರಕ್ಕೂ ಮಿಕ್ಕ ತೋಪುಗಳಿದ್ದವು. ೧೮೦೫ರ ಅಕ್ಟೋಬರ್ ೨೧ರಂದು ಟ್ರಫಾಲ್ಗರಿನ ಕಾಳಗದಲ್ಲಿ ನೆಲ್ಸನ್ನನು ಇದರ ಮೇಲೆಯೇ ಗುಂಡು ತಗುಲಿ ಸತ್ತನು. ಈಗ ಅದು ಪೋರ್ಟ್ಸ್‌ಮತ್ತಿನಲ್ಲಿ ನೀರಿಲ್ಲದ ಕಟ್ಟೆಯೊಳಗಿದೆ. ಪೆಟ್ಟಿಗೆಯ ವಿಕ್ಟರಿಯನ್ನು ೭೨ರಲ್ಲಿ ಒಂದರ ಪ್ರಮಾಣಕ್ಕೆ ಇಳಿಸಿದರೆ ಅದರ ಮೈ ಮೂರಡಿಗೆ ಸ್ವಲ್ಪ ಮಿಕ್ಕುತ್ತದೆ. ಅದರ ಮೇಲೆ ನಿಲ್ಲುವ ಆಳು ಒಂದಂಗುಲವನ್ನೂ ಮುಟ್ಟುವುದಿಲ್ಲ. ಗಣಿತಕ್ಕೆ ಇದರಲ್ಲಿ ಏನೂ ತೊಡಕಿಲ್ಲ. ಉದ್ದವು ೭೨ರಲ್ಲಿ ಒಂದಾದರೆ ಗಾತ್ರವು ೩,೭೩,೨೪೮ರಲ್ಲಿ ಒಂದಾಗುವುದು. ಆದರೆ ಆ ದಿನ ಆ ಒಂದು ಹಡಗಿನ ಮೇಲೆ ಸತ್ತವರು ೫೭ ಜನ, ಗಾಯಗೊಂಡವರು ೧೦೨ ಜನ. ಈ ಸಂಖ್ಯೆಯನ್ನು ಯಾವ ಪ್ರಮಾಣಕ್ಕೆ ಇಳಿಸುವುದು? ಹಲಗೆಯನ್ನು ಕುಗ್ಗಿಸಬಹುದು, ಹಗ್ಗವನ್ನು ಕುಗ್ಗಿಸಬಹುದು. ಸಾವನ್ನು ಕುಗ್ಗಿಸುವ ಅಳತೆಗೋಲಿಲ್ಲ. ಆದುದರಿಂದ ಪ್ರತಿಕೃತಿಯು ಅದನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತದೆ. ತೋಪುಗಳು ಹೊಳೆಯುತ್ತವೆ, ಅವುಗಳ ಎದುರಿಗೆ ಯಾರೂ ಇಲ್ಲ.

ಕೌಶಲವೊಂದೇ ಸಾಲದೆಂಬುದಕ್ಕೆ ನಮ್ಮ ಪಡುವಣ ಕರಾವಳಿಯಲ್ಲಿಯೇ ದೃಷ್ಟಾಂತವುಂಟು. ಅದೇ ವಾಡಿಯಾ ೧೮೧೩ರಲ್ಲಿ ಮುಂಬಯಿಯಲ್ಲಿ ‘ಕಾರ್ನ್‌ವಾಲಿಸ್’ ಎಂಬ ೭೪ ತೋಪುಗಳ ತೇಗದ ಹಡಗನ್ನು ಕಟ್ಟಿದನು. ಆ ಕೆಲಸದ ಬಲವನ್ನು ಬ್ರಿಟಿಷರೂ ಕೊಂಡಾಡಿದರು. ಮೂವತ್ತು ವರ್ಷಗಳೊಳಗೆ ಆ ಹಡಗು ಅಫೀಮಿನ ಯುದ್ಧದಲ್ಲಿ ಚೀನಕ್ಕೆ ಹೋಯಿತು; ೧೮೪೨ರಲ್ಲಿ ಚೀನೀಯರು ಸೋತು ನಾನ್‌ಕಿಂಗಿನ ಒಪ್ಪಂದಕ್ಕೆ ರುಜು ಹಾಕಿದ್ದು ಅದರ ಮೇಲೆಯೇ. ಬಡಗಿಯು ಉಳಿ ಹಿಡಿದಾಗ ಅವನ ಮನಸ್ಸಿನಲ್ಲಿ ಅಫೀಮು ಇರಲಿಲ್ಲ, ಚೀನವೂ ಇರಲಿಲ್ಲ. ಬೆಸುಗೆಯು ಬಿಗಿಯಾಗಿರಬೇಕೆಂಬುದಷ್ಟೇ ಇತ್ತು. ಬೆಸುಗೆಯು ಬಿಗಿಯಾಗಿಯೇ ಇದ್ದುದರಿಂದ ಹಡಗು ಅಷ್ಟು ದೂರ ಹೋಗಿ ಆ ಕಾರ್ಯಕ್ಕೆ ನೆರವಾಯಿತು. ಒಳ್ಳೆಯ ಕೆಲಸವು ಒಳ್ಳೆಯ ಕಾರ್ಯಕ್ಕೇ ಸಲ್ಲುವುದೆಂಬ ಭರವಸೆ ಯಾವ ಮರದಲ್ಲಿಯೂ ಇಲ್ಲ.

ಪ್ರತಿಕೃತಿಯಾದರೋ ಯಾರನ್ನೂ ಕೊಲ್ಲಲಾರದು, ಹೀಗಿರುವಾಗ ಅದಕ್ಕೆ ಈ ಹೊಣೆ ಏಕೆ ಎಂದು ಕೇಳುವುದುಂಟು. ಪ್ರತಿಕೃತಿಯು ಯಾವಾಗಲೂ ನಿರಪರಾಧಿಯಾಗಿರಲಿಲ್ಲವೆಂಬುದನ್ನು ಇತಿಹಾಸವು ತೋರಿಸುತ್ತದೆ. ೧೭ನೆಯ ಮತ್ತು ೧೮ನೆಯ ಶತಮಾನಗಳಲ್ಲಿ ಬ್ರಿಟಿಷ್ ನೌಕಾಡಳಿತದವರಿಗಾಗಿ ೪೮ರಲ್ಲಿ ಒಂದರ ಪ್ರಮಾಣದ ಮಾದರಿಗಳನ್ನು ಮಾಡುತ್ತಿದ್ದರು. ಪಕ್ಕೆಗಳು ಕಾಣುವಂತೆ ಕೆಳಭಾಗಕ್ಕೆ ಹೊದಿಕೆ ಹಾಕುತ್ತಿರಲಿಲ್ಲ. ಮೈಸೂರಿನ ಟಿಪ್ಪು ಸುಲ್ತಾನನು ೧೭೯೬ರಲ್ಲಿ ಸುಮಾರು ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಸಂಕಲ್ಪಿಸಿ, ಮಂಗಳೂರಿನಲ್ಲಿಯೂ ಮಿರ್ಜಾನಿನ ಬಳಿಯಲ್ಲಿಯೂ ಹಡಗುಕಟ್ಟೆಗಳನ್ನು ಗೊತ್ತುಮಾಡಿ, ಹಡಗಿನ ಮಾದರಿಯನ್ನು ತಾನೇ ಒದಗಿಸಿದನೆಂದು ಚರಿತ್ರೆಗಳಲ್ಲಿ ಉಕ್ತವಾಗಿದೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಸುಲ್ತಾನನು ಮಡಿದನು. ಆ ಸಂಕಲ್ಪವು ಕೈಗೂಡಲಿಲ್ಲ. ಅಂದಿನ ಮಾದರಿಯೆಂದರೆ ಮುಂದೆ ನಡೆಯಬೇಕಾದ ಯುದ್ಧದ ಬೀಜ. ಇಂದಿನ ಪೆಟ್ಟಿಗೆಯ ಮಾದರಿಯು ನಡೆದುಹೋದ ಯುದ್ಧದ ನೆರಳು. ಒಂದು ಹಡಗಿಗಿಂತ ಮೊದಲು ಬಂದಿತು, ಇನ್ನೊಂದು ಹಡಗಿನ ಅನಂತರ ಬಂದಿದೆ. ಎರಡಕ್ಕೂ ನಡುವೆ ಇರುವುದು ರಕ್ತ. ನಡುವಣದನ್ನು ಮರೆತು ತುದಿಯನ್ನು ಮಾತ್ರ ನೋಡುವವನಿಗೆ ಎಲ್ಲ ಯುದ್ಧವೂ ಸುಂದರವಾಗಿಯೇ ಕಾಣುವುದು. ಹಾಗೆ ಕಂಡ ಮಕ್ಕಳು ದೊಡ್ಡವರಾದಾಗ ಯುದ್ಧದ ಮಾತಿಗೆ ಹಿಗ್ಗಿದರೆ ಆಶ್ಚರ್ಯವೇನು? ಕಟ್ಟಿದವನ ಹೊಣೆಯಿರುವುದು ಇಲ್ಲಿ.

ಈ ಹೊಣೆಯನ್ನು ನಮ್ಮ ಹಿಂದಿನವರು ಅರಿಯದವರಾಗಿರಲಿಲ್ಲ. ಮುಂಬಯಿಯ ಬೋರಿವಲಿಯ ಬಳಿ ಏಕ್ಸರ್ ಎಂಬಲ್ಲಿ ಮಧ್ಯಯುಗದ ವೀರಗಲ್ಲುಗಳಿವೆ. ಗೋವೆಯ ಕದಂಬರ ಕಾಲದ ಹಡಗಿನ ವೀರಗಲ್ಲೂ ಉಂಟು. ಏಕ್ಸರಿನ ಕಲ್ಲುಗಳಲ್ಲಿ ಹುಟ್ಟುಗಳನ್ನು ಸಾಲಾಗಿ ಚಾಚಿದ ಯುದ್ಧನೌಕೆಗಳನ್ನು ಕಾಣಬಹುದು. ಅವೂ ಪ್ರತಿಕೃತಿಗಳೇ. ಆದರೆ ಶಿಲ್ಪಿಯು ಹಡಗನ್ನು ಒಂಟಿಯಾಗಿ ಬಿಡಲಿಲ್ಲ. ಅದೇ ಕಲ್ಲಿನಲ್ಲಿ ಹೋರಾಡುವವರು, ಬೀಳುವವರು. ಮೇಲಣ ಪಟ್ಟಿಕೆಯಲ್ಲಿ ಸತ್ತವರ ಸ್ವರ್ಗಾರೋಹಣ. ಹಡಗೂ ಸಾವೂ ಒಂದೇ ಕಲ್ಲಿನ ಮೇಲೆ. ಹರಪನಹಳ್ಳಿಯ ಸೀಮೆಯಲ್ಲಿ ಹಡಗಿನ ಬದಲು ಕುದುರೆ, ತುರು, ಕ್ರಮವು ಅದೇ. ಆಯುಧವನ್ನು ಕೆತ್ತಿದವನು ಆಯುಧಕ್ಕೆ ಬಲಿಯಾದವನನ್ನೂ ಕೆತ್ತಬೇಕೆಂಬುದು ಆ ಶಿಲ್ಪಿಗಳ ನಿಯಮವಾಗಿತ್ತೆಂದು ತೋರುತ್ತದೆ. ಆಯುಧಪೂಜೆಯ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ. ಆ ದಿನ ಕತ್ತಿಗೆ, ಕುಡುಗೋಲಿಗೆ, ಉಳಿಗೆ ಕುಂಕುಮವಿಟ್ಟು ಕೈಮುಗಿಯುವರು. ಆದರೆ ಆ ದಿನ ಅವುಗಳನ್ನು ಬಳಸುವುದಿಲ್ಲ. ಪೂಜೆ ಸಲ್ಲುವುದು ಕೆಳಗಿಟ್ಟ ಆಯುಧಕ್ಕೆ.

ಮೇಜಿನ ಮೇಲಿನ ಹಡಗೂ ಕೆಳಗಿಟ್ಟ ಆಯುಧವೇ. ಆ ಭಾವದಿಂದ ಕಟ್ಟಿದರೆ ಅದರಲ್ಲಿ ದೋಷವಿಲ್ಲ; ಯುದ್ಧನೌಕೆಯೆಂಬ ಕಾರಣಕ್ಕೆ ಅದನ್ನು ಮುಟ್ಟಬಾರದೆನ್ನುವುದು ಅತಿರೇಕವಾದೀತು. ಕಲ್ಲಿನ ಶಿಲ್ಪಿಯಂತೆ ಸತ್ತವರನ್ನು ಮರದ ಅಟ್ಟದ ಮೇಲೆ ಮಲಗಿಸಬೇಕೆಂದೂ ಅಲ್ಲ. ಆದರೆ ಹಡಗಿನ ಅಳತೆಗಳನ್ನು ತಿಳಿದಷ್ಟೇ ಶ್ರದ್ಧೆಯಿಂದ ಅದರ ಕಥೆಯನ್ನೂ ತಿಳಿಯಬೇಕು. ಕೂವೆಮರದ ಎತ್ತರವನ್ನು ಹೇಳಬಲ್ಲವನು ಅಲ್ಲಿಂದ ಬಿದ್ದವರ ವಿಚಾರವನ್ನೂ ಹೇಳಬಲ್ಲವನಾಗಿರಬೇಕು. ಪೀಠಕ್ಕೆ ಬಡಿದ ಹಿತ್ತಾಳೆಯ ತಗಡಿನ ಮೇಲೆ ಹಡಗಿನ ಹೆಸರನ್ನೂ ತೋಪುಗಳ ಸಂಖ್ಯೆಯನ್ನೂ ಕೆತ್ತಿಸುವುದು ವಾಡಿಕೆ. ಅದೇ ತಗಡಿನಲ್ಲಿ ಇನ್ನೊಂದು ಸಾಲಿಗೆ ಸ್ಥಳವುಂಟು. ವಾಸಾ ಆದರೆ ಮೂವತ್ತು, ವಿಕ್ಟರಿಯಾದರೆ ಐವತ್ತೇಳು. ನೋಡಲು ಬಂದ ಮಗುವು ತೋಪನ್ನು ಬೆರಳಿನಿಂದ ಮುಟ್ಟಿ, ಆ ಸಂಖ್ಯೆ ಏನೆಂದು ಕೇಳಿದಾಗ ಮನೆಯವರು ಉತ್ತರ ಹೇಳಿದರೆ, ಅಲ್ಲಿಗೆ ಆ ಹಡಗಿನ ಕೆಲಸವು ಪೂರ್ತಿಯಾದಂತೆ.